ಬಸ್ ಸುಮ್ಮನಾದರೆ ವಾಲ್ವ್ ಏನು ಮಾಡಬೇಕು: ಚನ್ನಗಿರಿ ಸೀಮೆಯ ಅಡಿಕೆ ತೋಟವೊಂದರ ರಿಲೇ ಪ್ರಕರಣ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ನಾಲ್ಕು ಎಕರೆ ಅಡಿಕೆ ತೋಟ. ಒಂಬತ್ತು ಅಡಿ ಅಂತರದ ಸಾಲು, ಎಕರೆಗೆ ಹತ್ತಿರ ಹತ್ತಿರ 540 ಮರ. ತೋಟವನ್ನು ಅರ್ಧರ್ಧ ಎಕರೆಯ ಎಂಟು ಭಾಗ ಮಾಡಿ ಡ್ರಿಪ್ ಎಳೆದಿದೆ. ಮರವೊಂದಕ್ಕೆ ತಾಸಿಗೆ 8 ಲೀಟರ್ ಬಿಡುವ ಎರಡು ಡ್ರಿಪ್ಪರ್. ಒಂದು ಭಾಗಕ್ಕೆ ತಾಸಿಗೆ ಸುಮಾರು 4,300 ಲೀಟರ್ ಬೇಕು, ಬೋರ್ ಕೊಡುವುದೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಒಮ್ಮೆಗೆ ಒಂದೇ ಭಾಗ. ತ್ರೀ ಫೇಸ್ ಬರುವುದು ದಿನಕ್ಕೆ 7 ತಾಸು, ಅಂದರೆ 420 ನಿಮಿಷ. ಭಾಗಕ್ಕೆ 50 ನಿಮಿಷದಂತೆ ಎಂಟು ಭಾಗ ಮುಗಿಯಲು 400 ನಿಮಿಷ ಬೇಕು. ಮರಕ್ಕೆ ಸಿಗುವುದು 13 ಲೀಟರ್ ಚಿಲ್ಲರೆ. ಕೈಯಲ್ಲಿ ಉಳಿಯುವುದು ಇಪ್ಪತ್ತೇ ನಿಮಿಷ.

ಈ ಇಪ್ಪತ್ತು ನಿಮಿಷವೇ ತಲೆನೋವಿನ ಮೂಲ. ಸರದಿ ರಾತ್ರಿಗೆ ಬಿದ್ದ ವಾರ ಐವತ್ತು ನಿಮಿಷಕ್ಕೊಮ್ಮೆ ಎದ್ದು, ಬ್ಯಾಟರಿ ಹಿಡಿದು, ಹಾವು ಹುಳ ನೋಡಿಕೊಂಡು ಹೋಗಿ ಗೇಟ್‌ವಾಲ್ ತಿರುಗಿಸಬೇಕು. ಎರಡು ಸಲ ನಿದ್ದೆ ಹತ್ತಿದರೆ ಎರಡು ಭಾಗ ಒಣಗುತ್ತವೆ. ವಾಲ್ವ್ ತಿರುಗಿಸುವ ಕೆಲಸವನ್ನು 24 ವೋಲ್ಟ್ ಎಸಿಯ ಸೊಲೆನಾಯ್ಡ್ ವಾಲ್ವ್‌ಗಳಿಗೆ (ಕರೆಂಟು ಕೊಟ್ಟರೆ ತೆರೆಯುವ, ತೆಗೆದರೆ ಮುಚ್ಚುವ ವಾಲ್ವ್), ಅವನ್ನು ನಡೆಸುವ ಕೆಲಸವನ್ನು ರಾಸ್ಪ್‌ಬೆರಿ ಪೈ 3ಬಿ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಒಪ್ಪಿಸಬೇಕು ಎಂಬುದು ಯೋಜನೆ. ನಡುವೆ ಕರೆಂಟು ಕೊಡುವ, ಕಡಿಯುವ ಸ್ವಿಚ್ಚುಗಳೇ ರಿಲೇಗಳು; ಅವಕ್ಕೆ ಪೈನ ಆಜ್ಞೆ ಒಯ್ಯುವ ತಂತಿಯೇ ಬಸ್. ಪೈ ಇರುವುದು ತೋಟದ ಅಂಚಿನ ಕೋಣೆಯಲ್ಲಿ, ಇನ್‌ವರ್ಟರ್ ಪಕ್ಕ. ಅಲ್ಲಿಂದ 12 ಮೀಟರ್ ದೂರದಲ್ಲಿ ಪಂಪ್‌ಹೌಸ್, ಅದರೊಳಗೆ 7.5 ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರಿನ ಡಿಒಎಲ್ (ಪೂರ್ತಿ ವೋಲ್ಟೇಜನ್ನು ಒಮ್ಮೆಗೇ ಕೊಡುವ) ಸ್ಟಾರ್ಟರ್. ವಾಲ್ವ್‌ಗಳು ಗುಂಪಾಗಿರುವ ಜಾಗ ತೋಟದ ನಡುವೆ, 160 ಮೀಟರ್ ಆಚೆ.

ಈ ಜೋಡಣೆ ಮೂರು ಸಲ ಕೈಕೊಟ್ಟು ನಾಲ್ಕನೆಯ ರೂಪಕ್ಕೆ ಬಂದು ನಿಂತಿದೆ. ಮೂರು ಸೋಲಿಗೂ ಬೇರೆ ಬೇರೆ ಕಾರಣ. ಮೊದಲೆರಡು ವೈರಿಂಗಿನ ತಪ್ಪು, ಮೂರನೆಯದು ಯೋಚನೆಯ ತಪ್ಪು.

ಮೇಜಿನ ಮೇಲೆ ಓಡಿದ ಐ2ಸಿ

ಮೊದಲ ರೂಪದಲ್ಲಿ ಪಂಪ್‌ಹೌಸಿನಲ್ಲಿ ಎಂಟು ರಿಲೇಗಳ ಬೋರ್ಡು, ಅದಕ್ಕೆ ಪಿಸಿಎಫ್8574 ಎಂಬ ಎಂಟು ಬಿಟ್ಟಿನ ಎಕ್ಸ್‌ಪ್ಯಾಂಡರ್ ಚಿಪ್ಪು (ಎರಡು ತಂತಿಯಲ್ಲಿ ಬಂದ ಆಜ್ಞೆಯನ್ನು ಎಂಟು ಪಿನ್ನಿಗೆ ಹಂಚುವುದು). ಪೈನಿಂದ ಅಲ್ಲಿಗೆ 12 ಮೀಟರ್ ಕ್ಯಾಟ್5ಇ ಎಂಬ ನೆಟ್‌ವರ್ಕ್ ವೈರು. ವಾಲ್ವ್‌ಗಳಿಗೆ ಪಂಪ್‌ಹೌಸಿನಿಂದ ಬಹುಎಳೆಯ ಕೇಬಲ್. ಮಾತಿಗೆ ಐ2ಸಿ, ಅಂದರೆ ಚಿಪ್ಪುಗಳು ಡೇಟಾ, ಕ್ಲಾಕ್ ಎಂಬ ಎರಡು ತಂತಿಯಲ್ಲಿ ಮಾತಾಡುವ ಪದ್ಧತಿ. ಅದನ್ನು ಆರಿಸಿದ್ದಕ್ಕೆ ಕಾರಣ ಊಹಿಸಬಹುದು: ಎರಡೇ ತಂತಿ, ಅಗ್ಗದ ಬೋರ್ಡು, ನಾಲ್ಕು ಸಾಲಿನ ಪೈಥಾನ್. ಮೇಜಿನ ಮೇಲೆ ಒಂದು ವಾರ ಒಂದೇ ಒಂದು ತಪ್ಪಿಲ್ಲದೆ ಓಡಿತು. ಪಂಪ್‌ಹೌಸಿಗೆ ಹೋದ ಮೇಲೆ ಸ್ಟಾರ್ಟರ್ ಟಪ್ಪೆಂದ ಕೂಡಲೇ ಬಸ್ ಹೆಪ್ಪುಗಟ್ಟಿತು. ಪ್ರತಿ ಸಲವೂ ಅಲ್ಲ, ನಾಲ್ಕೈದಕ್ಕೆ ಒಂದು ಸಲ. ಇಂಥ ಅರೆಬರೆ ದೋಷವೇ ಹೆಚ್ಚು ಕಾಡುವುದು.

ಲೆಕ್ಕ ಹಾಕಿದರೆ ಕಾರಣ ಎದ್ದು ಕಾಣುತ್ತದೆ. ಐ2ಸಿ ಬಸ್ಸಿನ ಒಟ್ಟು ಕೆಪ್ಯಾಸಿಟೆನ್ಸ್ (ತಂತಿಯ ಚಾರ್ಜು ಹಿಡಿದಿಡುವ ಗುಣ, ಹೆಚ್ಚಿದಷ್ಟೂ ಸಿಗ್ನಲ್ ನಿಧಾನ ಏರುತ್ತದೆ) 400 ಪಿಕೋಫ್ಯಾರಡ್ ದಾಟಬಾರದು. ಕ್ಯಾಟ್5ಇ ಜೋಡಿಗೆ ಮೀಟರಿಗೆ ಸುಮಾರು 52 ಪಿಕೋಫ್ಯಾರಡ್, 12 ಮೀಟರಿಗೆ 620ರ ಮೇಲೆ. ಪೈ ಬೋರ್ಡಿನ ಮೇಲೇ ಇರುವ ಪುಲ್‌ಅಪ್ (ತಂತಿಯ ವೋಲ್ಟೇಜನ್ನು ಮೇಲಕ್ಕೆಳೆಯುವ) ರೆಸಿಸ್ಟರ್ 1.8 ಕಿಲೋಓಮ್. ಸಿಗ್ನಲ್ ಏರಲು ಬೇಕಾದ ಸಮಯ ಎಂದರೆ 0.85 ಗುಣಿಲೆ 1,800 ಗುಣಿಲೆ 620 ಪಿಕೋ, ಹತ್ತಿರ ಹತ್ತಿರ 0.95 ಮೈಕ್ರೋಸೆಕೆಂಡ್. 100 ಕಿಲೋಹರ್ಟ್ಸ್ ವೇಗದಲ್ಲಿ ಅನುಮತಿ ಇರುವುದು 1 ಮೈಕ್ರೋಸೆಕೆಂಡಿಗೆ. ಅಂದರೆ ಬಸ್ ಗೆರೆಯ ಮೇಲೇ ನಿಂತಿತ್ತು. ಸ್ಟಾರ್ಟರಿನ ಕಾಂಟ್ಯಾಕ್ಟರ್ (ಭಾರಿ ಕರೆಂಟಿನ ದೊಡ್ಡ ರಿಲೇ) ಕಾಯಿಲ್ ಎಳೆದುಕೊಳ್ಳುವಾಗ ಹುಟ್ಟುವ ಒಂದು ಸಣ್ಣ ಸ್ಪೈಕ್ ಸಾಕು, ಕ್ಲಾಕ್ ತಂತಿಯಲ್ಲಿ ಒಂದು ಸುಳ್ಳು ಪಲ್ಸ್ ಎಣಿಕೆಯಾಗುತ್ತದೆ. ಚಿಪ್ಪು ತಾನಿನ್ನೂ ಉತ್ತರದ ನಡುವೆ ಇದ್ದೇನೆಂದು ಡೇಟಾ ತಂತಿಯನ್ನು ಕೆಳಗೆ ಹಿಡಿದು ಕೂರುತ್ತದೆ. ಪೈ ಕಡೆಯಿಂದ ಎಷ್ಟು ಕೂಗಿದರೂ ಬಸ್ ಖಾಲಿ ಇಲ್ಲ ಎಂಬುದೇ ಉತ್ತರ. ಕ್ಲಾಕ್ ತಂತಿಗೆ ಒಂಬತ್ತು ಪಲ್ಸ್ ಕೊಟ್ಟು ಬಿಡಿಸಿಕೊಳ್ಳುವ ಉಪಾಯ ಇದೆ, ಆದರೆ ಅದು ಜ್ವರಕ್ಕೆ ತಣ್ಣೀರು ಬಟ್ಟೆ ಹಾಕಿದಂತೆ.

ಇನ್ನೊಂದು ತಪ್ಪೂ ಸೇರಿಕೊಂಡಿತ್ತು. ಡೇಟಾ ಮತ್ತು ಕ್ಲಾಕ್ ಎರಡನ್ನೂ ಒಂದೇ ಹೆಣೆದ ಜೋಡಿಯಲ್ಲಿ ಕಳಿಸಲಾಗಿತ್ತು. ಜೋಡಿ ಹೆಣೆದಿರುವುದೇ ಎರಡು ತಂತಿಗಳ ನಡುವೆ ಬಿಗಿಯಾದ ಕಪ್ಲಿಂಗ್ (ಒಂದರ ಸಿಗ್ನಲ್ ಇನ್ನೊಂದಕ್ಕೆ ತಟ್ಟುವುದು) ಇರಲಿ ಎಂದು. ಐ2ಸಿಗೆ ಅದೇ ವಿಷ. ಒಂದು ಜೋಡಿಯಲ್ಲಿ ಡೇಟಾ ಮತ್ತು ಗ್ರೌಂಡ್, ಇನ್ನೊಂದರಲ್ಲಿ ಕ್ಲಾಕ್ ಮತ್ತು ಗ್ರೌಂಡ್ ಹಾಕಿದ್ದರೆ ಸ್ವಲ್ಪ ತಡೆಯುತ್ತಿತ್ತು. ಆದರೂ ಐ2ಸಿ ಇರುವುದು ಒಂದು ಡಬ್ಬಿಯೊಳಗಿನ ಮಾತುಕತೆಗೆ. ಡಬ್ಬಿಯಿಂದ ಡಬ್ಬಿಗೆ, ಅದೂ ಮೋಟಾರ್ ಇರುವ ಕಡೆ, ದೂರಕ್ಕೂ ಗದ್ದಲಕ್ಕೂ ತಾಳುವ ಆರ್‌ಎಸ್-485 ಎಂಬ ಬಸ್ ಬಿಟ್ಟು ಬೇರೆ ಯೋಚನೆಯೇ ಬೇಡ.

415 ವೋಲ್ಟಿಗೆ ಕೈಹಾಕಿದ ರಿಲೇ

ಎರಡನೆಯ ದೋಷ ಅದೇ ಬೋರ್ಡಿನದು, ಆದರೆ ಬಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಸ್ಟಾರ್ಟರಿನ ಕಾಯಿಲ್ 415 ವೋಲ್ಟಿನದು, ಎರಡು ಫೇಸ್ ನಡುವೆ ಕಟ್ಟಿದ್ದು. ನಮ್ಮ ಕಡೆಯ ಪಂಪ್‌ಸೆಟ್ ಪ್ಯಾನೆಲ್‌ಗಳಲ್ಲಿ ಸಾಮಾನ್ಯ. ಆ ಕಾಯಿಲ್ ಸರ್ಕ್ಯೂಟನ್ನು ಸಣ್ಣ ನೀಲಿ ರಿಲೇಯ ಮೂಲಕವೇ ಹಾಯಿಸಲಾಗಿತ್ತು. ರಿಲೇಯ ಮೈಮೇಲೆ 10 ಆಂಪಿಯರ್ 250 ವೋಲ್ಟ್ ಎಂದು ಬರೆದಿರುತ್ತದೆ. ಕಾಯಿಲ್ ಕುಡಿಯುವುದು ಅರ್ಧ ಆಂಪಿಯರಿಗೂ ಕಡಿಮೆ, ಹತ್ತು ಆಂಪಿಯರ್ ರಿಲೇ ಧಾರಾಳ ಸಾಕು ಅನ್ನಿಸುವುದು ಸಹಜ. ಮಿತಿ ಇದ್ದದ್ದು ಆಂಪಿಯರಿನಲ್ಲಲ್ಲ, ವೋಲ್ಟಿನಲ್ಲಿ. ಅದೂ ಬರೆದಿರುವ 10 ಆಂಪಿಯರ್ ಬಲ್ಬು, ಹೀಟರಿನಂಥ ರೆಸಿಸ್ಟಿವ್ ಲೋಡಿಗೆ. ಕಾಯಿಲ್ ಇಂಡಕ್ಟಿವ್ ಲೋಡು. ಬಿಡಿಸುವಾಗ ಅದು ಏರಿಸುವ ವೋಲ್ಟೇಜಿಗೆ ಕಾಂಟ್ಯಾಕ್ಟ್ ನಡುವಿನ ಒಂದು ಮಿಲಿಮೀಟರಿಗೂ ಕಡಿಮೆ ಸಂದಿನಲ್ಲಿ ಕಿಡಿ ನಿಲ್ಲುವುದಿಲ್ಲ. ದಿನಾ ಕಿಡಿ ತಿಂದು ಕಾಂಟ್ಯಾಕ್ಟ್ ಬೆಸೆದುಕೊಂಡಿತು. ಪೈ ಆಫ್ ಎಂದರೂ, ಬೋರ್ಡಿನ ಎಲ್‌ಇಡಿ ಆರಿದರೂ ಮೋಟಾರ್ ನಿಲ್ಲಲಿಲ್ಲ. ಸಾಲದ್ದಕ್ಕೆ ಬೋರ್ಡಿನ ಮೇಲೆ ಕಾಂಟ್ಯಾಕ್ಟಿನ ತಾಮ್ರದ ಗೆರೆಗೂ ಕಾಯಿಲ್ ಕಡೆಯ ಗೆರೆಗೂ ನಡುವಿನ ಅಂತರವೂ 415 ವೋಲ್ಟಿಗೆಂದು ಬಿಟ್ಟದ್ದಲ್ಲ. ಅಲ್ಲಿ ತೇವಾಂಶ ಕೂತರೆ ಆ ವೋಲ್ಟೇಜು ಪೈವರೆಗೂ ನಡೆದು ಬರಬಹುದು.

ಪರಿಹಾರ ಹಳೆಯದು, ಯಾವ ಮೋಟಾರ್ ವೈಂಡಿಂಗ್ ಅಂಗಡಿಯವರಿಗೂ ಗೊತ್ತಿರುವಂಥದ್ದು: ನಡುವೆ ಒಂದು ಕಾಂಟ್ಯಾಕ್ಟರ್. 24 ವೋಲ್ಟ್ ಎಸಿ ಕಾಯಿಲಿನ 9 ಆಂಪಿಯರ್ ಕಾಂಟ್ಯಾಕ್ಟರ್ ಎರಡು. ಬೋರ್ಡಿನ ರಿಲೇ ಮುಟ್ಟುವುದು 24 ವೋಲ್ಟನ್ನು ಮಾತ್ರ, 415 ವೋಲ್ಟನ್ನು ಮುಟ್ಟುವುದು ಅದಕ್ಕೆಂದೇ ಮಾಡಿದ ಕಾಂಟ್ಯಾಕ್ಟರ್. ಮೊದಲನೆಯದರ ಎನ್‌ಒ (ಸುಮ್ಮನಿರುವಾಗ ತೆರೆದಿರುವ) ಕಾಂಟ್ಯಾಕ್ಟ್ ಸ್ಟಾಪ್ ಬಟನ್ನಿನ ಜೊತೆ ಸೀರೀಸಿನಲ್ಲಿ: ಇದು ಅನುಮತಿ. ಮೋಟಾರ್ ಓಡುವಷ್ಟು ಹೊತ್ತೂ ಇದು ಎಳೆದುಕೊಂಡೇ ಇರಬೇಕು, ಬಿಟ್ಟರೆ ಸ್ಟಾರ್ಟರ್ ಬೀಳುತ್ತದೆ. ಎರಡನೆಯದು ಸ್ಟಾರ್ಟ್ ಬಟನ್ನಿಗೆ ಪ್ಯಾರಲಲ್: ಒಂದೂವರೆ ಸೆಕೆಂಡ್ ಒತ್ತಿ ಬಿಡುತ್ತದೆ, ಆಮೇಲೆ ಸ್ಟಾರ್ಟರಿನ ಸ್ವಂತ ಹೋಲ್ಡಿಂಗ್ ಕಾಂಟ್ಯಾಕ್ಟ್ ಹಿಡಿದುಕೊಳ್ಳುತ್ತದೆ. ಓವರ್‌ಲೋಡ್ ರಿಲೇ, ಡ್ರೈ ರನ್ ಮತ್ತು ಸಿಂಗಲ್ ಫೇಸ್ ಪ್ರಿವೆಂಟರ್ ಇದ್ದಲ್ಲೇ ಇದ್ದವು. ಅವನ್ನು ಪೈ ಮೂಲಕ ಹಾಯಿಸುವ ಆಸೆ ಯಾರಿಗೂ ಬರಬಾರದು.

ಅನುಮತಿಯ ಕಾಂಟ್ಯಾಕ್ಟನ್ನು ಶಾರ್ಟ್ ಮಾಡುವ ಒಂದು ಸೆಲೆಕ್ಟರ್ ಸ್ವಿಚ್ ಪ್ಯಾನೆಲಿನ ಬಾಗಿಲಲ್ಲಿ ಇದೆ. ಅದನ್ನು ಕೈಗೆ ತಿರುಗಿಸಿದರೆ ಹಳೆಯ ಸ್ಟಾರ್ಟರ್ ಹಳೆಯ ಹಾಗೇ. ಸೊಲೆನಾಯ್ಡ್ ವಾಲ್ವ್‌ಗಳಿಗೂ ಕೈಯಿಂದ ತೆರೆಯುವ ಬ್ಲೀಡ್ ಸ್ಕ್ರೂ ಇರುತ್ತದೆ. ಪೈ ಕೆಟ್ಟ ದಿನ ತೋಟ ಒಣಗಬಾರದಲ್ಲ. ಆದರೆ ಪ್ಯಾನೆಲಿನಲ್ಲಿ ಮೊದಲೇ ಇದ್ದ ಆಟೋ ಸ್ಟಾರ್ಟರನ್ನು ಮಾತ್ರ ಬಿಚ್ಚಿ ತೆಗೆಯಲೇಬೇಕಾಯಿತು. ತ್ರೀ ಫೇಸ್ ಬಂದ ಕೂಡಲೇ ಅದು ಮೋಟಾರ್ ಎಬ್ಬಿಸುತ್ತದೆ. ವಾಲ್ವ್‌ಗಳೆಲ್ಲ ಮುಚ್ಚಿರುವಾಗ ಮೋಟಾರ್ ಎದ್ದರೆ ಪೈಪಿನ ಜಾಯಿಂಟು ಹೋಗುತ್ತದೆ, ಇಲ್ಲವೇ ಮುಚ್ಚಿದ ನೀರಿನೊಳಗೆ ಪಂಪು ಬಿಸಿಯಾಗುತ್ತದೆ.

ಟ್ರಾನ್ಸ್‌ಫಾರ್ಮರ್ ಆರಿಸುವಾಗಲೂ ಒಂದು ಎಡವಟ್ಟು ಕಾದಿರುತ್ತದೆ. ವಾಲ್ವ್ ಒಂದಕ್ಕೆ ಹಿಡಿದುಕೊಳ್ಳುವಾಗ 5–6 ವಿಎ (ವೋಲ್ಟ್ ಗುಣಿಲೆ ಆಂಪಿಯರ್), ಎಳೆಯುವಾಗ ಹತ್ತರ ಆಸುಪಾಸು. ಇದನ್ನಷ್ಟೇ ನೋಡಿ 30 ವಿಎ ತಂದರೆ ಕಾಂಟ್ಯಾಕ್ಟರ್ ಎಳೆದುಕೊಳ್ಳುವುದೇ ಇಲ್ಲ, ಗರಗರ ಅನ್ನುತ್ತದೆ. ಏಕೆಂದರೆ ಆ ಕಾಂಟ್ಯಾಕ್ಟರಿನ ಕಾಯಿಲಿಗೆ ಹಿಡಿದುಕೊಳ್ಳಲು 7 ವಿಎ ಸಾಕಾದರೂ ಎಳೆಯುವ ಕ್ಷಣಕ್ಕೆ 70 ವಿಎ ಬೇಕು, 24 ವೋಲ್ಟಿನಲ್ಲಿ ಅದು 3 ಆಂಪಿಯರಿಗೆ ಹತ್ತಿರ. ಇಲ್ಲಿ ಹಾಕಿದ್ದು 100 ವಿಎ.

ಆರ್‌ಎಸ್-485: ವೈರು, ಕೊನೆ, ಒಲವು

ಈಗಿನ ರೂಪದಲ್ಲಿ ಎಂಟೆಂಟು ರಿಲೇಗಳ ಎರಡು ಮಾಡ್‌ಬಸ್ ಆರ್‌ಟಿಯು ಬೋರ್ಡುಗಳಿವೆ. ಮಾಡ್‌ಬಸ್ ಎಂದರೆ ಈ ಬಸ್ಸಿನ ಮೇಲೆ ವಿಳಾಸ ಹಾಕಿ ಆಜ್ಞೆ ಕಳಿಸುವ ಭಾಷೆ. ಪಂಪ್‌ಹೌಸಿನದು ವಿಳಾಸ 1, ತೋಟದ ನಡುವಿನದು ವಿಳಾಸ 2. ಪೈ ಕಡೆ ಐಸೊಲೇಶನ್ ಇರುವ, ಅಂದರೆ ಎರಡು ಬದಿಗೆ ನೇರ ವಿದ್ಯುತ್ ಸಂಪರ್ಕವಿಲ್ಲದ, ಯುಎಸ್‌ಬಿ–485 ಪರಿವರ್ತಕ. ಪೈನ ಯುಎಆರ್‌ಟಿ (ಸೀರಿಯಲ್ ಪೋರ್ಟ್) ಪಿನ್ನುಗಳನ್ನೇ ಬಳಸಬಹುದಿತ್ತು, ಆದರೆ ಪೈ 3ರಲ್ಲಿ ಒಳ್ಳೆಯ ಯುಎಆರ್‌ಟಿಯನ್ನು ಬ್ಲೂಟೂತ್ ಹಿಡಿದುಕೊಂಡಿರುತ್ತದೆ. ಉಳಿಯುವ ಮಿನಿ ಯುಎಆರ್‌ಟಿಯ ವೇಗ ಪ್ರಾಸೆಸರಿನ ಕೋರ್ ಗಡಿಯಾರಕ್ಕೆ ಕಟ್ಟುಬಿದ್ದಿದೆ, ಪ್ಯಾರಿಟಿ (ತಪ್ಪು ಹಿಡಿಯುವ) ಬಿಟ್ ಅಂತೂ ಅದಕ್ಕೆ ಬರುವುದೇ ಇಲ್ಲ. ಬ್ಲೂಟೂತ್ ಬಿಡಿಸಿ, ಸೀರಿಯಲ್ ಕನ್ಸೋಲ್ ನಿಲ್ಲಿಸಿ ಪಿನ್ನುಗಳನ್ನು ಬಳಸುವವರು ಒಂದನ್ನು ಗಮನಿಸಬೇಕು: 5 ವೋಲ್ಟಿನ ಮ್ಯಾಕ್ಸ್485 ಚಿಪ್ಪಿನ ಔಟ್‌ಪುಟ್ ನೇರವಾಗಿ ಪೈಗೆ ಕೊಟ್ಟರೆ ಆ ಪಿನ್ನು ಸಾಯುತ್ತದೆ. ಪೈ ಪಿನ್ನು 3.3 ವೋಲ್ಟಿಗಷ್ಟೇ, ಅದಕ್ಕೆ ಮ್ಯಾಕ್ಸ್3485 ಇದೆ.

ಐಸೊಲೇಶನ್ ಇಲ್ಲಿ ಶೋಕಿಯಲ್ಲ. 7.5 ಎಚ್‌ಪಿ ಮೋಟಾರ್ ಡಿಒಎಲ್‌ನಲ್ಲಿ ಏಳುವಾಗ ಸಾಮಾನ್ಯ ಕರೆಂಟಿನ ಆರೇಳು ಪಟ್ಟು ಎಳೆಯುತ್ತದೆ. ಆ ಕ್ಷಣ ಪಂಪ್‌ಹೌಸಿನ ನೆಲಕ್ಕೂ ಕೋಣೆಯ ನೆಲಕ್ಕೂ ವೋಲ್ಟೇಜಿನ ಅಂತರ ಹುಟ್ಟುತ್ತದೆ. ಆರ್‌ಎಸ್-485 ರಿಸೀವರ್ ತಾಳುವುದು ಮೈನಸ್ 7ರಿಂದ ಪ್ಲಸ್ 12 ವೋಲ್ಟ್‌ವರೆಗೆ. ಅದಕ್ಕಿಂತ ಆಚೆ ಹೋದರೆ ಚಿಪ್ಪು ಮೊದಲು ತಪ್ಪು ಓದುತ್ತದೆ, ಆಮೇಲೆ ಸುಡುತ್ತದೆ. ಎರಡೇ ತಂತಿ ಸಾಕು ಎಂಬ ಮಾತು ಅರ್ಧ ಸತ್ಯ. ಎ, ಬಿ ಎಂಬ ಎರಡು ಸಿಗ್ನಲ್ ತಂತಿ ಒಂದು ಜೋಡಿಯಲ್ಲಿ, ಇನ್ನೊಂದು ಜೋಡಿಯ ಎರಡೂ ಎಳೆ ಸೇರಿಸಿ ಗ್ರೌಂಡ್. ಬೋರ್ಡಿಗೆ ಸೇರುವಲ್ಲಿ ಆ ಗ್ರೌಂಡಿಗೆ 100 ಓಮ್ ರೆಸಿಸ್ಟರ್.

ವೈರು ಪೈನಿಂದ ಪಂಪ್‌ಹೌಸಿನ ಬೋರ್ಡಿಗೆ ಬಂದು, ಅಲ್ಲಿಂದಲೇ ಮುಂದೆ ತೋಟಕ್ಕೆ ಹೋಗಬೇಕು, ಒಂದೇ ದಾರದಲ್ಲಿ ಮಣಿ ಪೋಣಿಸಿದ ಹಾಗೆ. ಕವಲು ಒಡೆಯಬಾರದು. ಎರಡು ತುದಿಯಲ್ಲಿ 120 ಓಮ್ ಟರ್ಮಿನೇಶನ್ (ಸಿಗ್ನಲ್ ತುದಿಗೆ ಬಡಿದು ಹಿಂದಿರುಗದಂತೆ ಹಾಕುವ ರೆಸಿಸ್ಟರ್): ಒಂದು ಪೈ ಕಡೆ, ಒಂದು ತೋಟದ ಡಬ್ಬಿಯಲ್ಲಿ. ನಡುವಿನ ಬೋರ್ಡಿನ ಮೇಲೂ 120 ಓಮ್ ಜಂಪರ್ ಇತ್ತು, ಕಾರ್ಖಾನೆಯಿಂದ ಹಾಕಿಯೇ ಬಂದಿತ್ತು. ಇದನ್ನು ಹಿಡಿಯಲು ಮಲ್ಟಿಮೀಟರ್ ಸಾಕು. ಎಲ್ಲ ಕರೆಂಟ್ ತೆಗೆದು ಪೈ ತುದಿಯಲ್ಲಿ ಎ–ಬಿ ನಡುವೆ ಓಮ್ ನೋಡಬೇಕು. ಎರಡು ಟರ್ಮಿನೇಶನ್ ಸರಿಯಿದ್ದರೆ 60ರಿಂದ 70ರೊಳಗೆ ಬರುತ್ತದೆ. ನಿಖರ 60 ಬರದಿರುವುದು ಕ್ಯಾಟ್5ಇಯ ಸ್ವಂತ ಪ್ರತಿರೋಧದಿಂದ, 160 ಮೀಟರಿನ ಹೋಗಿಬರುವ ದಾರಿಗೆ ಅದೇ 30 ಓಮ್ ಹತ್ತಿರ. 40ರ ಸುತ್ತ ತೋರಿಸಿದರೆ ಮೂರನೆಯ ಟರ್ಮಿನೇಶನ್ ಎಲ್ಲೋ ಕೂತಿದೆ. 120 ತೋರಿಸಿದರೆ ದೂರದ ತುದಿಯಲ್ಲಿ ಇಲ್ಲ, ಅಥವಾ ವೈರು ತುಂಡಾಗಿದೆ. ಹೆಗ್ಗಣ ಕಡಿದದ್ದು ಗೊತ್ತಾಗುವುದೂ ಈ ಅಳತೆಯಿಂದಲೇ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರಾದರೆ ಈ ಲೆಕ್ಕವೆಲ್ಲ ತಪ್ಪುತ್ತದೆ, ಬಗ್ಗಿಸಿದಲ್ಲಿ ಮುರಿಯುವುದು ಬೇರೆ. ಅಂಗಡಿಯಲ್ಲಿ ತುದಿ ಕೆರೆದು ಒಳಗೆ ಬೆಳ್ಳಗಿದೆಯೇ ನೋಡಿಯೇ ಕೊಳ್ಳಬೇಕು.

ಇನ್ನು ಒಲವು, ಅಂದರೆ ಬಯಾಸ್. ಯಾರೂ ಮಾತಾಡದಿರುವಾಗ ಎ–ಬಿ ನಡುವೆ ವೋಲ್ಟೇಜ್ ಸೊನ್ನೆಗೆ ಇಳಿದರೆ ರಿಸೀವರಿಗೆ ಇದು ಒಂದೋ ಸೊನ್ನೆಯೋ ತಿಳಿಯದು. ಉತ್ತರದ ಮುಂದೆ ಒಂದು ಸುಳ್ಳು 00 ಬೈಟು ಅಂಟಿಕೊಂಡು ಬಂದು ಸಿಆರ್‌ಸಿ (ಸಂದೇಶ ಸರಿಯೇ ಎಂದು ತಾಳೆ ನೋಡುವ ಬೈಟುಗಳು) ತಪ್ಪಾಗುತ್ತಿದ್ದರೆ ಇದೇ ಕಾರಣ ಎಂದು ಮುಕ್ಕಾಲುಪಾಲು ನಂಬಬಹುದು. ಸುಮ್ಮನಿರುವಾಗಲೂ 200 ಮಿಲಿವೋಲ್ಟ್ ಇರುವಂತೆ ಒಂದು ತಂತಿಯನ್ನು 5 ವೋಲ್ಟಿಗೆ, ಇನ್ನೊಂದನ್ನು ಗ್ರೌಂಡಿಗೆ ರೆಸಿಸ್ಟರಿನಿಂದ ಎಳೆಯಬೇಕು. ಎರಡು ಟರ್ಮಿನೇಶನ್ ಸೇರಿ 60 ಓಮ್ ಎಂದಿಟ್ಟುಕೊಂಡರೆ 680 ಓಮ್ ಜೋಡಿ 211 ಮಿಲಿವೋಲ್ಟ್ ಕೊಡುತ್ತದೆ, ಅಂಚಿನಲ್ಲಿದೆ. 560 ಓಮ್ ಜೋಡಿ 254 ಕೊಡುತ್ತದೆ. ಇಲ್ಲಿರುವುದು 560, ಅದೂ ಪೈ ತುದಿಯಲ್ಲಿ ಒಂದೇ ಕಡೆ. ಎ, ಬಿ ಹೆಸರನ್ನು ಎಲ್ಲ ತಯಾರಕರೂ ಒಂದೇ ಅರ್ಥದಲ್ಲಿ ಬಳಸುವುದಿಲ್ಲ ಎಂಬುದೂ ನೆನಪಿರಲಿ. ಉತ್ತರವೇ ಬರದಿದ್ದರೆ ಕೋಡ್ ತಡಕಾಡುವ ಮೊದಲು ಎರಡು ತಂತಿ ಅದಲು ಬದಲು ಮಾಡಿ ನೋಡಿ, ಏನೂ ಸುಡುವುದಿಲ್ಲ.

ವೈರು ಎಚ್‌ಡಿಪಿಇ ಪೈಪಿನೊಳಗೆ, ಒಂದೂವರೆ ಅಡಿ ಆಳದಲ್ಲಿ, ಮೋಟಾರಿನ ಕೇಬಲ್ಲಿನಿಂದ ಅಡಿ ದೂರದಲ್ಲಿ. ಭರಣಿ ಮಳೆ ಹೊತ್ತಿಗೆ ಶುರುವಾಗುವ ಗುಡುಗು ಸಿಡಿಲಿಗೆ ಪ್ರತಿ ಬೋರ್ಡಿನ ಬಾಯಲ್ಲಿ ಎಸ್‌ಎಂ712 ಟಿವಿಎಸ್ ಡಯೋಡ್ ಇದೆ. ಈ ಭಾಗವನ್ನು ಆರ್‌ಎಸ್-485ರ ಮೈನಸ್ 7, ಪ್ಲಸ್ 12 ಮಿತಿಗೆ ಹೊಂದಿಸಿಯೇ ಮಾಡಿದ್ದಾರೆ. ಮರಕ್ಕೇ ಸಿಡಿಲು ಹೊಡೆದರೆ ಇದು ಕಾಯುವುದಿಲ್ಲ. ದೂರದ ಸಿಡಿಲಿನಿಂದ ತಂತಿಯಲ್ಲಿ ಹುಟ್ಟುವ ಅಲೆಯನ್ನು ತಡೆಯುತ್ತದೆ, ಅಷ್ಟೇ.

ತೋಟದ ಡಬ್ಬಿಗೆ ಹೋಗುವ ಕರೆಂಟು

ತೋಟದ ಡಬ್ಬಿಗೆ 1.5 ಚದರ ಮಿಲಿಮೀಟರಿನ ಒಂದು ಜೋಡಿಯಲ್ಲಿ 24 ವೋಲ್ಟ್ ಎಸಿ ಹೋಗುತ್ತದೆ. ಹೋಗಿಬರುವ 320 ಮೀಟರಿಗೆ 4.3 ಓಮ್. ವಾಲ್ವ್ ಬದಲಾಗುವಾಗ ಹೊಸದು 0.4 ಆಂಪಿಯರ್ ಎಳೆಯುತ್ತದೆ, ಹಳೆಯದು 0.25 ಹಿಡಿದಿರುತ್ತದೆ. ಹೆಚ್ಚೆಂದರೆ 3 ವೋಲ್ಟ್ ಇಳಿಯುತ್ತದೆ, ತೊಂದರೆಯಿಲ್ಲ.

ಬೋರ್ಡಿಗೆ ಬೇಕಾದ 12 ವೋಲ್ಟ್ ಡಿಸಿಯನ್ನು ಅದೇ 24 ವೋಲ್ಟಿನಿಂದ ಡಬ್ಬಿಯೊಳಗೆ ಮಾಡಿಕೊಳ್ಳುತ್ತದೆ: ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡಲು), ಕೆಪ್ಯಾಸಿಟರ್, ಬಕ್ ಕನ್ವರ್ಟರ್ (ಡಿಸಿ ವೋಲ್ಟೇಜು ಇಳಿಸಲು). ಎಲ್ಲ ಕಡೆ ಸಿಗುವ ಎಲ್‌ಎಂ2596 ಮಾಡ್ಯೂಲ್ ಇಲ್ಲಿ ಹಗಲು ಚೆನ್ನಾಗಿ ಓಡುತ್ತದೆ, ಒಂದು ರಾತ್ರಿ ಸಾಯುತ್ತದೆ. 24 ವೋಲ್ಟ್ ಎಂಬುದು ಟ್ರಾನ್ಸ್‌ಫಾರ್ಮರ್ ಪೂರ್ತಿ ಲೋಡಿನಲ್ಲಿ ಕೊಡುವ ಲೆಕ್ಕ. ಲೋಡಿಲ್ಲದಾಗ ಶೇಕಡಾ 10 ಜಾಸ್ತಿ. ರಾತ್ರಿ ಲೈನ್ 260ಕ್ಕೆ ಏರಿದರೆ ಅದೂ ಸೇರಿ 30 ವೋಲ್ಟ್ ಹತ್ತಿರ. ಅದರ ಶಿಖರ 1.414 ಪಟ್ಟು, 42 ವೋಲ್ಟ್. ಬ್ರಿಡ್ಜಿನ 1.4 ಕಳೆದರೂ 40 ದಾಟುತ್ತದೆ, ಎಲ್‌ಎಂ2596ರ ಮಿತಿ 40. ಕೆಲವು ಮಾಡ್ಯೂಲ್‌ಗಳ ಇನ್‌ಪುಟ್ ಕೆಪ್ಯಾಸಿಟರ್ 35 ವೋಲ್ಟಿನದೇ ಇರುತ್ತದೆ. 60 ವೋಲ್ಟ್ ತಾಳುವ ಎಚ್‌ವಿ ಮಾದರಿ, 63 ವೋಲ್ಟಿನ 1,000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿದ ಮೇಲೆ ಈ ಮಾತು ಮತ್ತೆ ಏಳಲಿಲ್ಲ.

ಪ್ರತಿ ವಾಲ್ವ್ ಕಾಯಿಲಿಗೆ ಅಡ್ಡಲಾಗಿ 47 ವೋಲ್ಟಿನ ಎಂಒವಿ, ಕಾಯಿಲ್ ಬಿಡುವಾಗಿನ ಸ್ಪೈಕ್ ನುಂಗಲು. ಡಿಸಿ ಕಾಯಿಲಿಗೆ ಹಾಕುವ ಡಯೋಡನ್ನು ಅಭ್ಯಾಸಬಲದಿಂದ ಇಲ್ಲಿ ಹಾಕಬೇಡಿ. ಎಸಿಯಲ್ಲಿ ಅದು ಅರ್ಧ ಸುತ್ತಿಗೆ ನೇರ ಶಾರ್ಟ್ ಆಗುತ್ತದೆ.

ಬೈಟುಗಳ ಮಾತು

ವೇಗ 9600, ಎಂಟು ಬಿಟ್, ಪ್ಯಾರಿಟಿ ಇಲ್ಲ. 160 ಮೀಟರಿಗೆ ಇದಕ್ಕಿಂತ ಎಷ್ಟೋ ವೇಗ ಸಾಧ್ಯ, ಆದರೆ ಐವತ್ತು ನಿಮಿಷಕ್ಕೊಮ್ಮೆ ವಾಲ್ವ್ ತಿರುಗಿಸಲು ಅವಸರವೇನು? ಮೊದಲ ರಿಲೇ ಆನ್ ಮಾಡುವ ಸಂದೇಶ ಹೀಗಿದೆ: 01 05 00 00 ಎಫ್‌ಎಫ್ 00 8ಸಿ 3ಎ. ಮೊದಲ ಬೈಟು ವಿಳಾಸ, 05 ಎಂದರೆ ಒಂದು ಕಾಯಿಲ್ (ಮಾಡ್‌ಬಸ್ ಭಾಷೆಯಲ್ಲಿ ಒಂದು ರಿಲೇ) ಬರೆ, ಮುಂದಿನೆರಡು ಯಾವ ಕಾಯಿಲ್, ಎಫ್‌ಎಫ್ 00 ಎಂದರೆ ಆನ್, ಕೊನೆಯೆರಡು ಸಿಆರ್‌ಸಿ. ಆಫ್ ಮಾಡಲು 01 05 00 00 00 00 ಸಿಡಿ ಸಿಎ. ಎಣಿಕೆ ಸೊನ್ನೆಯಿಂದ ಶುರು ಎಂಬುದನ್ನು ಮರೆತರೆ ಮೂರನೆಯ ಭಾಗಕ್ಕೆಂದು ಬಿಟ್ಟ ನೀರು ನಾಲ್ಕನೆಯದಕ್ಕೆ ಹೋಗುತ್ತದೆ. ಬೋರ್ಡು ಅದೇ ಸಂದೇಶವನ್ನು ಹಿಂದಿರುಗಿಸುತ್ತದೆ. ಒಂದು ಸಂದೇಶಕ್ಕೂ ಇನ್ನೊಂದಕ್ಕೂ ನಡುವೆ ಕನಿಷ್ಠ ಮೂರೂವರೆ ಅಕ್ಷರದ ಮೌನ ಬೇಕು, 9600ರಲ್ಲಿ ಸುಮಾರು 4 ಮಿಲಿಸೆಕೆಂಡ್. ಪೈಥಾನಿನ ಮಿನಿಮಲ್‌ಮಾಡ್‌ಬಸ್ ಅಥವಾ ಪೈಮಾಡ್‌ಬಸ್ ಇದನ್ನು ನೋಡಿಕೊಳ್ಳುತ್ತವೆ. ಟೈಮ್‌ಔಟ್ 0.3 ಸೆಕೆಂಡ್, ಮೂರು ಪ್ರಯತ್ನ.

ಮೊದಲ ಪ್ರೋಗ್ರಾಮು ಬದಲಾವಣೆ ಇದ್ದಾಗ ಮಾತ್ರ 05 ಕಳಿಸುತ್ತಿತ್ತು. ಈಗ ಎರಡು ಸೆಕೆಂಡಿಗೊಮ್ಮೆ ಫಂಕ್ಷನ್ (ಆಜ್ಞೆ) 15ರಿಂದ ಎಂಟೂ ರಿಲೇಗಳ ಬೈಟನ್ನು ಒಟ್ಟಿಗೆ ಬರೆಯುತ್ತದೆ, ಬರೆಯುವ ಮೊದಲು ಫಂಕ್ಷನ್ 01ರಿಂದ ಓದುತ್ತದೆ. ತೋಟದ ಡಬ್ಬಿಯ ಕರೆಂಟು ಅರೆಕ್ಷಣ ಹೋಗಿ ಬಂದರೆ ಬೋರ್ಡು ಎಲ್ಲ ರಿಲೇ ಆಫ್ ಸ್ಥಿತಿಯಲ್ಲಿ ಏಳುತ್ತದೆ. ಬದಲಾದಾಗ ಮಾತ್ರ ಮಾತಾಡುವ ಪ್ರೋಗ್ರಾಮಿಗೆ ಇದು ತಿಳಿಯುವುದೇ ಇಲ್ಲ. ಅದರ ಲೆಕ್ಕದಲ್ಲಿ ವಾಲ್ವ್ ತೆರೆದಿದೆ, ನಿಜದಲ್ಲಿ ಮುಚ್ಚಿದೆ, ಪಂಪು ಮುಚ್ಚಿದ ಪೈಪಿಗೆ ತಳ್ಳುತ್ತಿದೆ. ಓದಿದಾಗ 00 ಬಂದು ಮೋಟಾರ್ ಓಡುತ್ತಿದ್ದರೆ ಈಗ ಮೊದಲು ಅನುಮತಿ ಬೀಳುತ್ತದೆ, ಆಮೇಲೆ ವಿಚಾರಣೆ.

ಓದಿ ಬಂದ ಬೈಟು ಕೂಡ ಬೋರ್ಡಿನ ನೆನಪು ಮಾತ್ರ, ಕಾಂಟ್ಯಾಕ್ಟಿನ ಸ್ಥಿತಿಯಲ್ಲ. ಬೆಸೆದುಕೊಂಡ ರಿಲೇ ಕಲಿಸಿದ ಪಾಠ ಅದು. ಹಾಗಾಗಿ ಪಂಪ್‌ಹೌಸಿನ ಬೋರ್ಡಿನ ಆಪ್ಟೊ (ಬೆಳಕಿನ ಮೂಲಕ ಪ್ರತ್ಯೇಕಿಸಿದ) ಇನ್‌ಪುಟ್‌ಗಳಿಗೆ ಮೂರು ಸಾಕ್ಷಿ ತಂದು ಕಟ್ಟಿದೆ: ಫೇಸ್ ರಿಲೇಯ ಕಾಂಟ್ಯಾಕ್ಟ್, ಸ್ಟಾರ್ಟರಿನ ಆಕ್ಸಿಲರಿ ಕಾಂಟ್ಯಾಕ್ಟ್, ಫಿಲ್ಟರಿನ ಮುಂದಿನ ಪ್ರೆಶರ್ ಸ್ವಿಚ್. ಫಂಕ್ಷನ್ 02 ಇವನ್ನು ಓದುತ್ತದೆ.

ನಡೆಯುವ ಕ್ರಮ ಇದು. ಮೂರೂ ಫೇಸ್ ಬಂದು ಎರಡು ನಿಮಿಷ ಅಲುಗಾಡದೆ ನಿಲ್ಲಬೇಕು. ಲೈನ್ ಬಂದ ಹೊಸದರಲ್ಲಿ ವೋಲ್ಟೇಜು ಕುಣಿಯುತ್ತದೆ. ಬಾಕಿ ಇರುವ ಭಾಗದ ವಾಲ್ವ್ ತೆರೆ, ಓದಿ ನೋಡು, 15 ಸೆಕೆಂಡ್ ಕಾಯಿ. ಅನುಮತಿ ಕೊಡು, ಸ್ಟಾರ್ಟ್ ಒತ್ತು. ಹತ್ತು ಸೆಕೆಂಡಿನಲ್ಲಿ ಸ್ಟಾರ್ಟರಿನ ಸಾಕ್ಷಿ ಬರದಿದ್ದರೆ ಅನುಮತಿ ಹಿಂದೆಗೆದುಕೊ, ಐದು ನಿಮಿಷ ಬಿಟ್ಟು ಇನ್ನೊಮ್ಮೆ, ಎರಡು ಸಲ ಸೋತರೆ ನಿಲ್ಲು. ಭಾಗ ಬದಲಿಸುವಾಗ ಮುಂದಿನ ವಾಲ್ವ್ ತೆರೆದು 20 ಸೆಕೆಂಡ್ ಆದ ಮೇಲೆ ಹಿಂದಿನದನ್ನು ಮುಚ್ಚು. ಐವತ್ತು ನಿಮಿಷವನ್ನು ಗೋಡೆ ಗಡಿಯಾರದಿಂದ ಎಣಿಸುವುದಿಲ್ಲ. ಪೈ 3ರಲ್ಲಿ ಬ್ಯಾಟರಿ ಗಡಿಯಾರವಿಲ್ಲ, ಇಂಟರ್ನೆಟ್ ಸಿಕ್ಕ ಕ್ಷಣ ಸಮಯ ತಾಸುಗಟ್ಟಲೆ ಹಾರಬಹುದು. ಪೈಥಾನಿನ ಮೊನೊಟಾನಿಕ್ ಗಡಿಯಾರ ಹಾರುವುದಿಲ್ಲ. ಯಾವ ಭಾಗಕ್ಕೆ ಎಷ್ಟು ನಿಮಿಷ ಆಗಿದೆ ಎಂಬುದನ್ನು ನಿಮಿಷಕ್ಕೊಮ್ಮೆ ಫೈಲಿಗೆ ಬರೆದಿಟ್ಟುಕೊಳ್ಳುವುದರಿಂದ ಕರೆಂಟು ನಡುವೆ ಹೋದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಮೂರನೆಯ ಸೋಲು

ಆರ್‌ಎಸ್-485 ಬಂದ ಮೇಲೆ ಬಸ್ ವಾರಗಟ್ಟಲೆ ತಪ್ಪಿಲ್ಲದೆ ನಡೆಯಿತು. ಒಂದು ರಾತ್ರಿ ಮಾತ್ರ ಮೂರನೆಯ ಭಾಗದ ವಾಲ್ವ್ ತೆರೆದದ್ದು ಮುಚ್ಚಲೇ ಇಲ್ಲ. ತ್ರೀ ಫೇಸ್ ಹೋಗುವವರೆಗೆ ಇಡೀ ನೀರು ಅಲ್ಲಿಗೇ ಹೋಯಿತು, ಉಳಿದ ಐದು ಭಾಗ ಒಣಗಿದವು. ಲಾಗ್ ನೋಡಿದರೆ ಮೋಟಾರ್ ಎದ್ದ ಕ್ಷಣಕ್ಕೆ ಯುಎಸ್‌ಬಿ ಪರಿವರ್ತಕ ಒಮ್ಮೆ ಕಳಚಿಕೊಂಡು ಮತ್ತೆ ಬಂದಿದೆ. ಬರುವಾಗ ಹೆಸರು ಬದಲಿಸಿಕೊಂಡಿದೆ: ಹೋದದ್ದು ಟಿಟಿವೈಯುಎಸ್‌ಬಿ0, ಬಂದದ್ದು ಟಿಟಿವೈಯುಎಸ್‌ಬಿ1. ಪ್ರೋಗ್ರಾಮು ಸತ್ತ ಹೆಸರಿಗೇ ಬರೆಯುತ್ತಾ ಕೂತಿತ್ತು.

ಹೆಸರಿನ ತೊಂದರೆಗೆ ಮದ್ದು ಸುಲಭ. ಸಂಖ್ಯೆಯ ಹೆಸರು ಬಿಟ್ಟು, ಲಿನಕ್ಸ್ ತಾನೇ ಕಟ್ಟಿಕೊಡುವ ಬೈ-ಐಡಿ (ಸಾಧನದ ಗುರುತಿನ) ಕೊಂಡಿಯನ್ನು ಬಳಸಬೇಕು. ಸೀರಿಯಲ್ ನಂಬರ್ ಇಲ್ಲದ ಅಗ್ಗದ ಪರಿವರ್ತಕವಾದರೆ ಬೈ-ಪಾತ್ (ಸಿಕ್ಕಿಸಿದ ಜಾಗದ ಗುರುತು). ಬರೆಯಲು ಆಗದಿದ್ದರೆ ಪೋರ್ಟ್ ಮುಚ್ಚಿ ಮತ್ತೆ ತೆರೆಯಬೇಕು. ಪ್ರೋಗ್ರಾಮನ್ನು ನಡೆಸುವ ಸಿಸ್ಟಮ್‌ಡಿ ಸರ್ವೀಸಿಗೆ ವಾಚ್‌ಡಾಗ್ (ಹೆಪ್ಪುಗಟ್ಟಿದರೆ ಮತ್ತೆ ಎಬ್ಬಿಸುವ ಕಾವಲು), ಪೈನ ಹಾರ್ಡ್‌ವೇರ್ ವಾಚ್‌ಡಾಗ್‌ಗೆ 15 ಸೆಕೆಂಡ್. ಎಸ್‌ಡಿ ಕಾರ್ಡನ್ನು ಓವರ್‌ಲೇ ಮಾಡಿ (ಅದಕ್ಕೆ ಏನೂ ಬರೆಯದಂತೆ), ಬರೆಯುವ ಫೈಲಿಗೆ ಸಣ್ಣ ಪೆನ್‌ಡ್ರೈವ್.

ಇಷ್ಟೆಲ್ಲ ಮಾಡಿದರೂ ಮೂಲ ಪ್ರಶ್ನೆ ಹಾಗೇ ಉಳಿಯುತ್ತದೆ. ಮಾಡ್‌ಬಸ್ ಬೋರ್ಡಿಗೆ ಯಜಮಾನ ಸತ್ತದ್ದು ಗೊತ್ತಾಗುವುದಿಲ್ಲ. ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡು ಕಾಯುತ್ತದೆ, ವರ್ಷವಾದರೂ ಸರಿ. ಪೈ ಕಡೆ ಎಷ್ಟು ವಾಚ್‌ಡಾಗ್ ಕಟ್ಟಿದರೂ ಅವೆಲ್ಲ ವೈರಿನ ಈಚೆ ಇವೆ. ಹೆಗ್ಗಣ ವೈರನ್ನೇ ಕಡಿದರೆ? ಬಸ್ ಸುಮ್ಮನಾದಾಗ ಏನಾಗಬೇಕು ಎಂಬುದನ್ನು ರಿಲೇಯ ಪಕ್ಕದಲ್ಲೇ ಯಾರಾದರೂ ತೀರ್ಮಾನಿಸಬೇಕು. ಕೈಗಾರಿಕಾ ದರ್ಜೆಯ ಕೆಲವು ಮಾಡ್ಯೂಲ್‌ಗಳಲ್ಲಿ ಇದಕ್ಕೆಂದೇ ಸಂವಹನ ಟೈಮ್‌ಔಟ್ ಇರುತ್ತದೆ, ಇಷ್ಟು ಸೆಕೆಂಡ್ ಮಾತಿಲ್ಲದಿದ್ದರೆ ಎಲ್ಲ ಆಫ್. ಹೊಸದಾಗಿ ಕೊಳ್ಳುವವರು ಅಂಥದ್ದನ್ನೇ ಕೊಳ್ಳಲಿ. ಇಲ್ಲಿನ ಬೋರ್ಡಿನಲ್ಲಿ ಅದಿರಲಿಲ್ಲ.

ಬದಲಿಗೆ ಪಂಪ್‌ಹೌಸಿನಲ್ಲಿ ಬಸ್ಸಿಗೆ ಕಿವಿಗೊಟ್ಟು ಕೂರುವ ಆರ್ಡುಯಿನೋ ನ್ಯಾನೋ ಎಂಬ ಒಂದು ಸಣ್ಣ ಕಂಟ್ರೋಲರ್ ಬೋರ್ಡು ಇದೆ. ಅದಕ್ಕೆ ಮ್ಯಾಕ್ಸ್485 ಚಿಪ್ಪು, ಕಳಿಸುವ ಮತ್ತು ಕೇಳುವ ಎರಡೂ ನಿಯಂತ್ರಣ ಪಿನ್ನುಗಳು ಗ್ರೌಂಡಿಗೆ. ಹಾಗಾಗಿ ಅದು ಕೇಳಬಲ್ಲದು, ಮಾತಾಡಲಾರದು, ಕೆಟ್ಟರೂ ಬಸ್ಸಿನಲ್ಲಿ ಬೈಟು ಉದುರಿಸಲಾರದು. ಪೈ ತನ್ನ ಪ್ರತಿ ಸುತ್ತಿನ ಕೊನೆಯಲ್ಲಿ, ಎಲ್ಲ ತರ್ಕ ಮುಗಿದ ಮೇಲೆಯೇ, ಪಂಪ್‌ಹೌಸಿನ ಬೋರ್ಡನ್ನು 01 01 00 00 00 08 3ಡಿ ಸಿಸಿ ಎಂದು ಕೇಳುತ್ತದೆ. ಈ ಎಂಟು ಬೈಟು ಅದೇ ಕ್ರಮದಲ್ಲಿ ಕಿವಿಗೆ ಬಿದ್ದಾಗಲೆಲ್ಲ ನ್ಯಾನೋ ಮೂವತ್ತು ಸೆಕೆಂಡಿನಿಂದ ಕೆಳಕ್ಕೆ ಎಣಿಕೆ ಶುರುಮಾಡುತ್ತದೆ. ಸೊನ್ನೆಗೆ ಬಂದರೆ ಅದು ಹಿಡಿದಿರುವ ಒಂದೇ ರಿಲೇ ಬೀಳುತ್ತದೆ. 24 ವೋಲ್ಟ್ ಪೂರ್ತಿ ಆ ರಿಲೇಯ ಮೂಲಕವೇ ಹಾಯುತ್ತದೆ: ಅನುಮತಿಯ ಕಾಂಟ್ಯಾಕ್ಟರ್ ಬಿಡುತ್ತದೆ, ಮೋಟಾರ್ ನಿಲ್ಲುತ್ತದೆ, ತೋಟದ ಡಬ್ಬಿಗೆ ಕರೆಂಟು ಹೋಗಿ ವಾಲ್ವ್‌ಗಳು ಮುಚ್ಚಿಕೊಳ್ಳುತ್ತವೆ. ಬರೀ ಬಸ್ಸಿನಲ್ಲಿ ಸದ್ದಿದೆಯೇ ಎಂದು ನೋಡಿದರೆ ಸಾಲದು, ಮೋಟಾರಿನ ಗದ್ದಲವೇ ಬೈಟಿನಂತೆ ಕೇಳಿಸಬಹುದು. ಪೂರ್ತಿ ವಾಕ್ಯವನ್ನೇ ಹೋಲಿಸಬೇಕು. ಕೇಳುವ ಸಂದೇಶವನ್ನು ಬೇರೆ ಥ್ರೆಡ್ಡಿನಿಂದ (ಪ್ರೋಗ್ರಾಮಿನಲ್ಲಿ ತನ್ನಷ್ಟಕ್ಕೆ ಓಡುವ ಬೇರೆ ಎಳೆಯಿಂದ) ಕಳಿಸುವುದೂ ತಪ್ಪು. ತಲೆ ಸತ್ತರೂ ನಾಡಿ ಬಡಿಯುತ್ತಿರುತ್ತದೆ.

ಪಂಪ್‌ಹೌಸಿನ ಬೋರ್ಡಿಗೂ ನ್ಯಾನೋಗೂ 12 ವೋಲ್ಟ್ ಬೇರೆ ಪವರ್ ಸಪ್ಲೈನಿಂದ (ಎಸ್‌ಎಂಪಿಎಸ್) ಬರಬೇಕು, ಈ ರಿಲೇ ಕಡಿಯುವ 24 ವೋಲ್ಟಿನಿಂದಲ್ಲ. ಇಲ್ಲದಿದ್ದರೆ ಒಮ್ಮೆ ಬಿದ್ದದ್ದು ಮತ್ತೆ ಏಳುವುದೇ ಇಲ್ಲ.

ಪರೀಕ್ಷೆ ಹಗಲಲ್ಲಿ, ನೀರು ಹರಿಯುತ್ತಿರುವಾಗ. ಬಸ್ಸಿನ ಪ್ಲಗ್ ಕಿತ್ತರೆ ಮೋಟಾರ್ ನಿಲ್ಲಲು 30 ಸೆಕೆಂಡಿನ ಆಸುಪಾಸು ಹಿಡಿಯಬೇಕು. ಪೈನ ಕರೆಂಟು ಕಿತ್ತರೂ ಅಷ್ಟೇ, ಪ್ರೋಗ್ರಾಮನ್ನು ತಡೆಹಿಡಿದರೂ ಅಷ್ಟೇ. ತೋಟದ ಡಬ್ಬಿಯ ಫ್ಯೂಸ್ ತೆಗೆದರೆ ಮೂರು ಪ್ರಯತ್ನ ಮುಗಿದ ಕೂಡಲೇ, ಅಂದರೆ ಎರಡು ಮೂರು ಸೆಕೆಂಡಿನಲ್ಲಿ, ಪೈ ತಾನೇ ಅನುಮತಿ ಹಿಂದೆಗೆದುಕೊಳ್ಳಬೇಕು. ಒಂದು ಫೇಸ್ ತೆಗೆದರೆ ಪೈಗಿಂತ ಮೊದಲು ಪ್ರಿವೆಂಟರ್ ಬೀಳಬೇಕು. ನ್ಯಾನೋವನ್ನು ಸಾಕೆಟ್ಟಿನಿಂದ ಕಿತ್ತು ನೋಡುವುದನ್ನು ಹಲವರು ಮರೆಯುತ್ತಾರೆ. ಅದರ ರಿಲೇ ಆಗಲೂ ಬೀಳಬೇಕು. ಟ್ರಾನ್ಸಿಸ್ಟರಿನ ಬೇಸಿಗೆ 10 ಕಿಲೋಓಮ್ ಪುಲ್‌ಡೌನ್ ಇಲ್ಲದಿದ್ದರೆ ತೇಲುವ ಪಿನ್ನು ರಿಲೇಯನ್ನು ಅರೆಬರೆ ಹಿಡಿದಿರುವುದೂ ಉಂಟು.

ಇನ್ನೂ ಕಾಣದೆ ಉಳಿದಿರುವ ದೋಷವೊಂದಿದೆ. ವಾಲ್ವಿನ ಡಯಾಫ್ರಾಮ್ ಕೆಳಗೆ ಮರಳಿನ ಕಣ ಕೂತರೆ ಕಾಯಿಲ್ ಆಫ್ ಆದರೂ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಅರ್ಧ ನೀರು ಹಿಂದಿನ ಭಾಗಕ್ಕೂ ಹರಿಯುತ್ತದೆ, ಒತ್ತಡ ಸ್ವಲ್ಪವೇ ಇಳಿಯುವುದರಿಂದ ಪ್ರೆಶರ್ ಸ್ವಿಚ್ ಸುಮ್ಮನಿರುತ್ತದೆ. ಪಲ್ಸ್ ಕೊಡುವ ವಾಟರ್ ಮೀಟರನ್ನು ನಾಲ್ಕನೆಯ ಇನ್‌ಪುಟ್ಟಿಗೆ ಕಟ್ಟಿದರೆ ತಾಸಿಗೆ 4,300 ಲೀಟರಿನಿಂದ ಎಷ್ಟು ಆಚೀಚೆ ಆಯಿತು ಎಂಬುದು ಕಾಣುತ್ತದೆ. ಎರಡು ಸೆಕೆಂಡಿಗೊಮ್ಮೆ ಓದುವ ಬಸ್ಸಿನಲ್ಲಿ ಪಲ್ಸಿನ ಅಗಲ ಅದಕ್ಕಿಂತ ಹೆಚ್ಚಿರಬೇಕು. ಹತ್ತು ಲೀಟರಿಗೊಂದು ಪಲ್ಸಿನ ಮೀಟರಾದರೆ ಎರಡು ಪಲ್ಸಿನ ನಡುವೆ ಎಂಟು ಸೆಕೆಂಡ್ ಚಿಲ್ಲರೆ ಸಿಗುತ್ತದೆ, ಲೀಟರಿಗೊಂದಾದರೆ 0.8 ಸೆಕೆಂಡ್, ಅರ್ಧಕ್ಕಿಂತ ಹೆಚ್ಚು ಎಣಿಕೆ ತಪ್ಪುತ್ತದೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಫಿಲ್ಟರ್ ತೊಳೆಯುವ ದಿನ ಎಂಟು ಭಾಗಗಳ ಸಬ್‌ಮೇನ್ ಕೊನೆಯ ಮುಚ್ಚಳ ಬಿಚ್ಚಿ ನೋಡುವ ಹಳೆಯ ಪದ್ಧತಿಯೇ ನಡೆದಿದೆ.